ಸೂಪರ್‌ಹೀರೋ ಕಾಮಿಕ್ಸ್ ಮತ್ತು ಗ್ರಾಫಿಕ್ ಕಾದಂಬರಿ: ಹೊಸ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಗಡಿನಾಡು ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯ ವಾಚನಾಲಯಗಳಿಗೆ ಕಾದಂಬರಿ ಕೇಳಿಕೊಂಡು ಬರುವ ಹಿರಿಯರಂತೆಯೇ ಸೂಪರ್‌ಹೀರೋ ಪುಸ್ತಕ ಕೇಳಿಕೊಂಡು ಬರುವ ಮಕ್ಕಳೂ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ಅವರೂ ಅವರ ಹೆತ್ತವರೂ ಅಧ್ಯಾಪಕರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೇರೆ ರೀತಿ ಹೇಳದ ಕಡೆಗಳಲ್ಲೆಲ್ಲ, ಹೆಸರಿಸಿದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಬೇಕೆಂದು ತಿಳಿಯಬೇಕು.

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮುಂತಾದವರ ಕಥೆಯನ್ನು ಮೊದಲ ಸಂಚಿಕೆಯಿಂದಲೇ ಓದಬೇಕೇ?

ಬೇಡ. ಹೊಸ ಓದುಗರನ್ನು ಹೆದರಿಸಿ ಹಿಂದಕ್ಕೆ ಕಳುಹಿಸುವುದು ಮುಖ್ಯವಾಗಿ ಇದೊಂದೇ ತಪ್ಪು ಕಲ್ಪನೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ವಂಡರ್ ವುಮನ್ 1941ರಲ್ಲಿ. ಅಂದಿನಿಂದ ಇಂದಿನವರೆಗೆ ತಿಂಗಳು ತಿಂಗಳು ಹೊರಬಂದ ಸಂಚಿಕೆಗಳನ್ನೆಲ್ಲ ಓದಿ ಮುಗಿಸಲು ಒಂದು ಆಯುಷ್ಯ ಸಾಲದು. ಓದಬೇಕೆಂದು ಅವುಗಳನ್ನು ಬರೆದವರೂ ನಿರೀಕ್ಷಿಸಿಲ್ಲ.

ನಮ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದ ‘ಕರ್ಣಾರ್ಜುನ ಕಾಳಗ’ ನೋಡಲು ಬಯಲಿನಲ್ಲಿ ಕುಳಿತವರು ಆದಿಪರ್ವದಿಂದ ಮಹಾಭಾರತ ಓದಿಕೊಂಡು ಬಂದಿರುವುದಿಲ್ಲ. ಕರ್ಣ ಯಾರು, ಅವನ ಸಂಕಟವೇನು ಎಂಬುದು ಅಲ್ಪಸ್ವಲ್ಪ ಗೊತ್ತಿದ್ದರೆ ಸಾಕು. ಉಳಿದದ್ದನ್ನು ಭಾಗವತರೂ ಅರ್ಥಧಾರಿಗಳೂ ಆ ರಾತ್ರಿಯಲ್ಲೇ ಕಟ್ಟಿಕೊಡುತ್ತಾರೆ. ಇಂದಿನ ಕರ್ಣ ಯಾರದ್ದು ಎಂದು ವಿಚಾರಿಸಿಯೇ ಜನರು ಆಟಕ್ಕೂ ಕೂಟಕ್ಕೂ ಹೊರಡುತ್ತಾರೆ, ಏಕೆಂದರೆ ಪಾತ್ರ ಒಂದೇ ಆದರೂ ಮಾಡುವವರು ಬದಲಾದಾಗ ಅದರ ಒಳಗುಣವೇ ಬದಲಾಗುತ್ತದೆ. ಸೂಪರ್‌ಹೀರೋ ಕಾಮಿಕ್ಸಿಗೂ ಇದೇ ಮಾತು ಸಲ್ಲುತ್ತದೆ. ಬ್ಯಾಟ್‌ಮ್ಯಾನಿನ ಎಷ್ಟನೆಯ ಸಂಚಿಕೆ ಎಂದು ಕೇಳುವುದಕ್ಕಿಂತ ಯಾರು ಬರೆದ, ಯಾರು ಚಿತ್ರಿಸಿದ ಬ್ಯಾಟ್‌ಮ್ಯಾನ್ ಎಂದು ಕೇಳಬೇಕು. ಆರಂಭವೂ ಅಂತ್ಯವೂ ಒಂದೇ ರಟ್ಟಿನೊಳಗಿರುವ ಕಥೆಯನ್ನು ಆರಿಸಿಕೊಳ್ಳಬೇಕು. ಮುಂದಿನ ಸಲಹೆಗಳೆಲ್ಲ ಈ ಎರಡು ಮಾತುಗಳನ್ನು ಅವಲಂಬಿಸಿವೆ.

ಹಾಗಾದರೆ ಮೊದಲು ಕೈಗೆತ್ತಿಕೊಳ್ಳಬೇಕಾದ ಒಂದು ಪುಸ್ತಕವನ್ನು ಹೇಳಿ.

ಒಂದೇ ಪುಸ್ತಕವೆಂದರೆ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’. ಗ್ರಾಂಟ್ ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರಿಸಿದ ಈ ಕಥೆ 2005ರಿಂದ 2008ರವರೆಗೆ 12 ಸಂಚಿಕೆಗಳಾಗಿ ಬಂದು ಈಗ ಒಂದೇ ಸಂಪುಟದಲ್ಲಿ ದೊರೆಯುತ್ತದೆ. ಸೂರ್ಯನ ಸಮೀಪಕ್ಕೆ ಹೋದವರನ್ನು ರಕ್ಷಿಸುವಾಗ ಸೂಪರ್‌ಮ್ಯಾನಿನ ಮೈ ತಾಳಿಕೊಳ್ಳಲಾರದಷ್ಟು ಸೌರಶಕ್ತಿಯನ್ನು ಹೀರಿಕೊಳ್ಳುತ್ತದೆ, ಅವನಿಗೆ ಸಾವು ಖಚಿತವಾಗುತ್ತದೆ. ಉಳಿದಿರುವ ಅವಧಿಯಲ್ಲಿ ಅವನು ಏನೇನು ಮಾಡಿ ಮುಗಿಸುತ್ತಾನೆ ಎಂಬುದೇ ಕಥೆ.

ಇದರ ಮೊದಲ ಪುಟವನ್ನು ನಿಧಾನವಾಗಿ ನೋಡಬೇಕು. ಅದರಲ್ಲಿರುವುದು ನಾಲ್ಕೇ ಚಿತ್ರಗಳು, ಒಂದೊಂದರ ಮೇಲೂ ಇಂಗ್ಲಿಷಿನ ಎರಡೆರಡು ಪದಗಳು: ನಾಶವಾಗುತ್ತಿರುವ ಗ್ರಹ, ದಿಕ್ಕುಗಾಣದ ವಿಜ್ಞಾನಿಗಳು, ಕೊನೆಯ ಭರವಸೆ, ಕರುಣೆಯುಳ್ಳ ದಂಪತಿ. ಎಂಟು ಪದಗಳಲ್ಲಿ ನಾಯಕನ ಜನ್ಮವೃತ್ತಾಂತ ಮುಗಿದು, ಪುಟ ತಿರುಗಿಸುವಷ್ಟರಲ್ಲಿ ಕಥೆ ನೇರವಾಗಿ ಸೂರ್ಯನ ಬಳಿಗೆ ಹೋಗಿರುತ್ತದೆ. ಹಿಂದಿನ ಕಥೆ ಗೊತ್ತಿಲ್ಲವೆಂಬ ಅಳುಕನ್ನು ಇದಕ್ಕಿಂತ ಸೊಗಸಾಗಿ ಹೋಗಲಾಡಿಸುವ ಪುಟ ಇನ್ನೊಂದಿಲ್ಲ. ಹತ್ತನೆಯ ಅಧ್ಯಾಯದಲ್ಲಿ ಎತ್ತರದ ಕಟ್ಟಡದ ಅಂಚಿನಲ್ಲಿ ನಿಂತು ಬದುಕನ್ನೇ ಮುಗಿಸಲು ಹೊರಟ ಹುಡುಗಿಯೊಬ್ಬಳ ಬೆನ್ನ ಹಿಂದೆ ಸೂಪರ್‌ಮ್ಯಾನ್ ಬಂದು ನಿಲ್ಲುವ ಪುಟವಿದೆ. ಅಲ್ಲಿ ಹೊಡೆದಾಟವಿಲ್ಲ, ಬಲಪ್ರದರ್ಶನವಿಲ್ಲ. ನೀನು ಅಂದುಕೊಂಡಿರುವುದಕ್ಕಿಂತ ಹೆಚ್ಚು ಗಟ್ಟಿಯಾಗಿದ್ದೀಯೆ ಎಂಬರ್ಥದ ಒಂದು ಮಾತು ಮತ್ತು ಒಂದು ಅಪ್ಪುಗೆ ಮಾತ್ರ ಇವೆ. ಸೂಪರ್‌ಹೀರೋ ಕಥೆಯೆಂದರೆ ಮುಷ್ಟಿಯುದ್ಧವೆಂದು ನಂಬಿದವರಿಗೆ ನಾನು ಮೊದಲು ತೆರೆದು ತೋರಿಸುವುದು ಈ ಪುಟವನ್ನೇ.

ನನಗೆ ಇಷ್ಟವಿರುವುದು ಬ್ಯಾಟ್‌ಮ್ಯಾನ್. ಎಲ್ಲಿಂದ ಆರಂಭಿಸಲಿ?

ಫ್ರಾಂಕ್ ಮಿಲ್ಲರ್ ಬರೆದು ಡೇವಿಡ್ ಮಾಜುಕೆಲ್ಲಿ ಚಿತ್ರಿಸಿದ ‘ಬ್ಯಾಟ್‌ಮ್ಯಾನ್: ಇಯರ್ ಒನ್’ (1987) ನಾಲ್ಕೇ ಸಂಚಿಕೆಗಳ ಕಥೆ. ಭ್ರಷ್ಟ ನಗರಕ್ಕೆ ಒಂದೇ ಕಾಲದಲ್ಲಿ ಇಬ್ಬರು ಬರುತ್ತಾರೆ: ಒಬ್ಬನು ಮನೆಗೆ ಮರಳುತ್ತಿರುವ, ಮುಂದೆ ಬ್ಯಾಟ್‌ಮ್ಯಾನ್ ಆಗಲಿರುವ ಶ್ರೀಮಂತ ಯುವಕ, ಇನ್ನೊಬ್ಬನು ವರ್ಗವಾಗಿ ಬಂದ ಪೊಲೀಸ್ ಅಧಿಕಾರಿ ಜೇಮ್ಸ್ ಗಾರ್ಡನ್. ಹೆಸರು ಬ್ಯಾಟ್‌ಮ್ಯಾನಿನದಾದರೂ ಪುಸ್ತಕದ ಹೃದಯವಿರುವುದು ಗಾರ್ಡನ್ ಪಡುವ ಪಾಡಿನಲ್ಲಿ. ಪತ್ತೇದಾರಿ ಕಾದಂಬರಿಯ ರುಚಿಯುಳ್ಳವರು ಆನಂತರ ಜೆಫ್ ಲೋಬ್ ಮತ್ತು ಟಿಮ್ ಸೇಲ್ ಅವರ ‘ದಿ ಲಾಂಗ್ ಹ್ಯಾಲೋವೀನ್’ (1996–97) ಓದಬಹುದು. ಹಬ್ಬಕ್ಕೊಂದರಂತೆ ನಡೆಯುವ ಕೊಲೆಗಳ ಜಾಡು ಹಿಡಿದು ಅದರ 13 ಸಂಚಿಕೆಗಳು ಸಾಗುತ್ತವೆ.

ಹೊಸ ಕಾಲದ ಬ್ಯಾಟ್‌ಮ್ಯಾನ್ ಬೇಕೆಂದರೆ ಸ್ಕಾಟ್ ಸ್ನೈಡರ್ ಮತ್ತು ಗ್ರೆಗ್ ಕಪುಲ್ಲೊ ಅವರು 2011ರಲ್ಲಿ ಆರಂಭಿಸಿದ ‘ದಿ ಕೋರ್ಟ್ ಆಫ್ ಔಲ್ಸ್’ ಇದೆ. ಬ್ಯಾಟ್‌ಮ್ಯಾನ್ ನೆಲದಡಿಯ ಚಕ್ರವ್ಯೂಹದಲ್ಲಿ ಸಿಕ್ಕಿ ದಿಕ್ಕು ತಪ್ಪುವ ಭಾಗದಲ್ಲಿ ಪುಟಗಳೂ ಅಡ್ಡವಾಗಿ, ಮುಂದೆ ತಲೆಕೆಳಗಾಗಿ ತಿರುಗುತ್ತವೆ. ಓದಬೇಕಾದರೆ ಪುಸ್ತಕವನ್ನೇ ಕೈಯಲ್ಲಿ ತಿರುಗಿಸುತ್ತ ಹೋಗಬೇಕು. ಓದುಗನಿಗೂ ಅವನಷ್ಟೇ ತಲೆ ಸುತ್ತುತ್ತದೆ. ಮುದ್ರಣದೋಷವೆಂದು ಪುಸ್ತಕವನ್ನು ಹಿಂದಿರುಗಿಸಬಾರದು.

ಫ್ರಾಂಕ್ ಮಿಲ್ಲರ್ ಅವರ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ (1986) ಬಹುಪ್ರಸಿದ್ಧವಾದರೂ ಅದು ವೃದ್ಧನಾದ ಬ್ಯಾಟ್‌ಮ್ಯಾನಿನ ಕಥೆ. ಅವನ ಯೌವನದ ಕಥೆಗಳನ್ನು ಓದಿದವರಿಗೇ ಅದರ ಕಹಿ ಪೂರ್ತಿಯಾಗಿ ಹತ್ತುತ್ತದೆ. ಆದ್ದರಿಂದ ಅದು ಎರಡನೆಯ ಅಥವಾ ಮೂರನೆಯ ಪುಸ್ತಕವಾಗಲಿ.

ಸ್ಪೈಡರ್-ಮ್ಯಾನ್?

ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ರೂಪಿಸಿದ ಮೂಲ ಕಥೆ ಕೇವಲ 11 ಪುಟಗಳದ್ದು. ಹಳೆಯದಾದರೂ ಇಂದಿಗೂ ಓದಿಸಿಕೊಳ್ಳುತ್ತದೆ, ಅನೇಕ ಸಂಗ್ರಹಗಳಲ್ಲಿ ಸಿಗುತ್ತದೆ. ಅದೇ ಕಥೆಯನ್ನು ಬ್ರಯಾನ್ ಮೈಕೆಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ 2000ದಲ್ಲಿ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ ಸರಣಿಯಲ್ಲಿ ಏಳು ಸಂಚಿಕೆಗಳಿಗೆ ಹಿಗ್ಗಿಸಿ, ಇಂದಿನ ಹೈಸ್ಕೂಲಿನ ಹುಡುಗನ ಮಾತು, ಮುಜುಗರ, ಮನೆಯ ಚಿಂತೆಗಳೊಂದಿಗೆ ಹೊಸದಾಗಿ ಹೇಳಿದರು. ಹದಿಹರೆಯದವರು ಇಲ್ಲಿಂದ ಆರಂಭಿಸುವುದು ಒಳ್ಳೆಯದು.

ಹಿರಿಯ ಓದುಗರಿಗೆ ಚಿಪ್ ಜ್ದಾರ್ಸ್ಕಿ ಬರೆದ ‘ಸ್ಪೈಡರ್-ಮ್ಯಾನ್: ಲೈಫ್ ಸ್ಟೋರಿ’ (2019) ಇನ್ನೂ ಹೆಚ್ಚು ಹಿಡಿಸಬಹುದು. ಸಾಮಾನ್ಯವಾಗಿ ಈ ನಾಯಕರಿಗೆ ವಯಸ್ಸಾಗುವುದೇ ಇಲ್ಲ. ಇಲ್ಲಿ ಹಾಗಲ್ಲ, 1960ರ ದಶಕದಿಂದ ದಶಕಕ್ಕೊಂದು ಸಂಚಿಕೆಯಂತೆ ಆರು ಸಂಚಿಕೆಗಳಲ್ಲಿ ಸ್ಪೈಡರ್-ಮ್ಯಾನ್ ಮುಸುಕಿನೊಳಗಿನ ಪೀಟರ್ ಪಾರ್ಕರ್ ಯುವಕನಾಗಿ, ಗೃಹಸ್ಥನಾಗಿ, ಮುದುಕನಾಗಿ ಬೆಳೆಯುತ್ತಾನೆ.

ಸಿನಿಮಾ ನೋಡಿ ಮೆಚ್ಚಿದವರು ಅದೇ ಹೆಸರಿನ ಕಾಮಿಕ್ಸ್ ಓದಬಹುದಲ್ಲವೇ?

ಹೆಸರನ್ನು ನಂಬಿ ಕೊಂಡರೆ ನಿರಾಶೆಯಾಗುವುದುಂಟು. ‘ಸಿವಿಲ್ ವಾರ್’ (2006–07) ಇದಕ್ಕೆ ತಕ್ಕ ಉದಾಹರಣೆ. ಮುಖ್ಯ ಕಥೆ ಏಳು ಸಂಚಿಕೆಗಳದ್ದಾದರೂ ಅದರ ಕೊಂಬೆಗಳು ಬೇರೆ ಬೇರೆ ಸರಣಿಗಳಲ್ಲಿ ಹರಡಿಕೊಂಡಿವೆ. ಪಾತ್ರಗಳ ಪರಿಚಯವಿಲ್ಲದವರಿಗೆ ಅದು ಅಪರಿಚಿತರ ಮನೆಯ ಆಸ್ತಿ ಜಗಳವನ್ನು ಕೇಳಿಸಿಕೊಂಡ ಹಾಗಾಗುತ್ತದೆ. ಸಿನಿಮಾದಿಂದ ಬಂದವರಿಗೆ ನಾನು ಹೇಳುವುದು ‘ದಿ ವಿಷನ್’ (2015–16). ಟಾಮ್ ಕಿಂಗ್ ಬರೆದು ಗೇಬ್ರಿಯಲ್ ಹೆರ್ನಾಂಡೆಜ್ ವಾಲ್ಟಾ ಚಿತ್ರಿಸಿದ ಈ 12 ಸಂಚಿಕೆಗಳಲ್ಲಿ ಯಂತ್ರಮಾನವನೊಬ್ಬನು ಹೆಂಡತಿ ಮಕ್ಕಳನ್ನು ತಾನೇ ನಿರ್ಮಿಸಿಕೊಂಡು ಒಂದು ಸಾಮಾನ್ಯ ಬಡಾವಣೆಯಲ್ಲಿ ಸಂಸಾರ ಹೂಡುತ್ತಾನೆ. ನೆರೆಹೊರೆಯವರ ಸಂಶಯವೂ ಒಂದು ಸುಳ್ಳೂ ಸೇರಿ ಆ ಸಂಸಾರವನ್ನು ಹೇಗೆ ಮುರಿಯುತ್ತವೆ ಎಂಬುದನ್ನು ಓದುವಾಗ ಇದು ಸೂಪರ್‌ಹೀರೋ ಕಥೆಯೆಂಬುದೇ ಮರೆತುಹೋಗುತ್ತದೆ. ಥಾರ್ ಇಷ್ಟವಾದವರು ಜೇಸನ್ ಆರನ್ ಬರೆದ ‘ಥಾರ್: ಗಾಡ್ ಆಫ್ ಥಂಡರ್’ ಸರಣಿಯ ಮೊದಲ 11 ಸಂಚಿಕೆಗಳನ್ನೂ, ಕ್ಯಾಪ್ಟನ್ ಅಮೆರಿಕ ಇಷ್ಟವಾದವರು ಎಡ್ ಬ್ರುಬೇಕರ್ 2005ರಲ್ಲಿ ಆರಂಭಿಸಿದ ‘ವಿಂಟರ್ ಸೋಲ್ಜರ್’ ಭಾಗವನ್ನೂ ಓದಲಿ.

‘ವಾಚ್‌ಮೆನ್’ ಅತ್ಯುತ್ತಮವೆಂದು ಎಲ್ಲರೂ ಹೇಳುತ್ತಾರೆ. ಅದನ್ನೇ ಮೊದಲು ಓದಲೇ?

ಆಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಅವರ ‘ವಾಚ್‌ಮೆನ್’ (1986–87) ಮಹತ್ವದ ಕೃತಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದರಲ್ಲಿರುವ ಪಾತ್ರಗಳು ಬೇರೆಲ್ಲಿಂದಲೂ ಎರವಲು ಬಂದವುಗಳಲ್ಲವಾದ್ದರಿಂದ ಕಥೆ ಅರ್ಥವಾಗಲು ಹಿಂದಿನ ಓದು ಬೇಕಿಲ್ಲ. ಆದರೆ ಸೂಪರ್‌ಹೀರೋ ಎಂಬ ಕಲ್ಪನೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ನಡೆಸುವ ಪುಸ್ತಕವಿದು. ಆ ಕಲ್ಪನೆಯನ್ನು ಒಮ್ಮೆಯಾದರೂ ಮನಸಾರೆ ಪ್ರೀತಿಸದವರಿಗೆ ವಿಚಾರಣೆಯ ತೀವ್ರತೆ ತಟ್ಟುವುದಿಲ್ಲ. ನಾಲ್ಕೈದು ಪುಸ್ತಕಗಳ ನಂತರ ಓದಿದರೆ ಅದರ ಪೂರ್ಣ ಫಲ ಸಿಗುತ್ತದೆ. ಹಿಂಸೆಯೂ ಲೈಂಗಿಕ ದೌರ್ಜನ್ಯದ ಪ್ರಸಂಗವೂ ಇರುವುದರಿಂದ ಶಾಲಾ ಮಕ್ಕಳಿಗೆ ಕೊಡಬಾರದು.

ಚಿತ್ರ ನೋಡಲೋ, ಮಾತು ಓದಲೋ ಎಂದು ಗೊಂದಲವಾಗುತ್ತದೆ. ಕಾಮಿಕ್ಸನ್ನು ಓದುವ ಕ್ರಮವೇನು?

ದಿಕ್ಕು ಕನ್ನಡ ಓದುವಾಗಿನದೇ: ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಒಂದೇ ಚೌಕಟ್ಟಿನೊಳಗೆ ಹಲವು ಮಾತಿನ ಗುಳ್ಳೆಗಳಿದ್ದರೆ ಮೇಲಿನದೂ ಎಡಗಡೆಯದೂ ಮೊದಲು. ಜಪಾನಿನ ಮಾಂಗಾ ಪುಸ್ತಕಗಳನ್ನು ಮಾತ್ರ ಬಲದಿಂದ ಎಡಕ್ಕೆ ಓದಬೇಕು.

ಇದಕ್ಕಿಂತ ಮುಖ್ಯವಾದದ್ದು ವೇಗ. ಗದ್ಯ ಓದಿ ಅಭ್ಯಾಸವಾದವರು ಗುಳ್ಳೆಯಿಂದ ಗುಳ್ಳೆಗೆ ಹಾರಿ ಅರ್ಧ ಗಂಟೆಯಲ್ಲಿ ಪುಸ್ತಕ ಮುಗಿಸಿ, ಇದರಲ್ಲೇನಿದೆ ಎಂದು ಮಡಚಿಡುತ್ತಾರೆ. ಚಿತ್ರದಲ್ಲಿ ಹೇಳಿದ್ದನ್ನು ಒಳ್ಳೆಯ ಲೇಖಕರು ಮಾತಿನಲ್ಲಿ ಮತ್ತೆ ಹೇಳುವುದಿಲ್ಲ. ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವೆ ಇರುವ ಬಿಳಿಯ ಜಾಗದಲ್ಲಿ ಏನೋ ನಡೆದುಹೋಗಿರುತ್ತದೆ. ಅದನ್ನು ತುಂಬಿಕೊಳ್ಳಬೇಕಾದವನು ಓದುಗ. ‘ವಾಚ್‌ಮೆನ್’ ಕೃತಿಯ ಬಹುಪಾಲು ಪುಟಗಳು ಒಂಬತ್ತು ಸಮಾನ ಚೌಕಗಳ ವಿನ್ಯಾಸಕ್ಕೆ ಬದ್ಧವಾಗಿವೆ. ಅದರ ಐದನೆಯ ಅಧ್ಯಾಯದಲ್ಲಿ ಮೊದಲ ಪುಟದ ವಿನ್ಯಾಸಕ್ಕೆ ಕೊನೆಯ ಪುಟದ ವಿನ್ಯಾಸ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆ ನಡುಪುಟದವರೆಗೆ ಕನ್ನಡಿಯ ಬಿಂಬದಂತೆ ಹೊಂದಿಕೊಳ್ಳುತ್ತವೆ. ಮೊದಲ ಓದಿನಲ್ಲಿ ಇದು ಕಾಣಿಸದಿದ್ದರೂ ಕಥೆಗೆ ಕೊರತೆಯಿಲ್ಲ; ಎರಡನೆಯ ಓದಿನಲ್ಲಿ ಕಂಡಾಗ ಆಗುವ ಸಂತೋಷ ಬೇರೆಯದೇ.

ಚಿತ್ರದ ಓದನ್ನು ಅಭ್ಯಾಸ ಮಾಡಿಕೊಳ್ಳಲು ಮ್ಯಾಟ್ ಫ್ರ್ಯಾಕ್ಷನ್ ಮತ್ತು ಡೇವಿಡ್ ಆಹಾ ಅವರ ‘ಹಾಕ್‌ಐ’ (2012) ಸರಣಿಯ 11ನೆಯ ಸಂಚಿಕೆಯನ್ನು ಶಿಫಾರಸು ಮಾಡುತ್ತೇನೆ. ಅದು ಪೂರ್ತಿಯಾಗಿ ಒಂದು ನಾಯಿಯ ಕಣ್ಣಿನಿಂದ ನಡೆಯುವ ಕಥೆ. ಮನುಷ್ಯರ ಮಾತಿನಲ್ಲಿ ನಾಯಿಗೆ ತಿಳಿಯುವ ಕೆಲವು ಪದಗಳಷ್ಟೇ ಸ್ಪಷ್ಟವಾಗಿವೆ, ಉಳಿದದ್ದು ಗೀಚು. ವಾಸನೆ, ನೆನಪು, ಗುರುತು ಎಲ್ಲವೂ ಸಣ್ಣ ಸಣ್ಣ ಸಂಕೇತಚಿತ್ರಗಳಾಗಿ ಬರುತ್ತವೆ. ಇಂಗ್ಲಿಷ್ ಹೆಚ್ಚು ಬಾರದವರೂ ಇದನ್ನು ಓದಬಲ್ಲರು.

ನಮ್ಮ ಮಗು ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದೆ. ಇಷ್ಟೆಲ್ಲ ಇಂಗ್ಲಿಷ್ ಪುಸ್ತಕಗಳನ್ನು ಅದು ಹೇಗೆ ಓದೀತು?

ಕಾಸರಗೋಡಿನಲ್ಲಿ ಹೆತ್ತವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮಗುವಿನ ಮೊದಲ ಕಾಮಿಕ್ಸ್ ಅದು ಸಲೀಸಾಗಿ ಓದಬಲ್ಲ ಭಾಷೆಯಲ್ಲೇ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಮರಾಠಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ದಿನವೂ ಭಾಷೆಯಿಂದ ಭಾಷೆಗೆ ದಾಟುವ ಮಕ್ಕಳಿಗೆ ಓದಿನ ಸುಖವೂ ಇನ್ನೊಂದು ಪರೀಕ್ಷೆಯಾಗಬಾರದು.

ಕನ್ನಡದಲ್ಲಿ ಇದಕ್ಕೆ ನೆಲೆಯಿಲ್ಲವೆಂದು ತಿಳಿಯಬೇಡಿ. ಅಮರ ಚಿತ್ರಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಆ ಮಾಲೆಯ ಆರಂಭದ ಸಂಚಿಕೆಗಳು ಬಂದದ್ದೂ ಕನ್ನಡದಲ್ಲಿ. ಇಂಗ್ಲಿಷ್ ಮಾಲೆಯಲ್ಲಿ ‘ಕೃಷ್ಣ’ ಸಂಚಿಕೆಗೆ ಒಂದರ ಬದಲು 11ನೆಯ ಕ್ರಮಾಂಕ ಬಿದ್ದುದಕ್ಕೆ ಕಾರಣ ಆ ಮೊದಲಿನ ಕನ್ನಡ ಸಂಚಿಕೆಗಳೇ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಫ್ಯಾಂಟಮ್ ಕನ್ನಡದಲ್ಲೂ ಮಾತನಾಡಿದ್ದಾನೆ. ಇಂದು ಅಜ್ಜನಾಗಿರುವ ಅನೇಕರ ಮೊದಲ ಮುಸುಕಿನ ನಾಯಕ ಅವನೇ. ಇನ್ನು ಕೇರಳದ ನೆಲದಲ್ಲೇ ಹುಟ್ಟಿದ ಸೂಪರ್‌ಹೀರೋ ಒಬ್ಬನಿದ್ದಾನೆ. ಮಲಯಾಳದ ಬಾಲಮಂಗಳಂ ಪತ್ರಿಕೆಯಲ್ಲಿ 1983ರಲ್ಲಿ ಕಾಣಿಸಿಕೊಂಡ ಡಿಂಕನ್ ಎಂಬ ಇಲಿ ಕನ್ನಡದ ಬಾಲಮಂಗಳದಲ್ಲಿ ಡಿಂಗನಾಗಿ ಬಂದು, ಬೆನ್ನಿಗೆ ಮೇಲುಹೊದಿಕೆ ಕಟ್ಟಿಕೊಂಡು ಕಾಡಿನ ಪ್ರಾಣಿಗಳ ಕಷ್ಟಕ್ಕೆ ಹಾರಿ ಬರುತ್ತಿದ್ದ. ಅನ್ಯಗ್ರಹದವರ ಪ್ರಯೋಗದಿಂದ ಶಕ್ತಿ ಪಡೆದ ಈ ಪುಟ್ಟ ಜೀವಿ, ಸೂಪರ್‌ಹೀರೋ ಕಥೆಯ ಎಲ್ಲ ಲಕ್ಷಣಗಳನ್ನೂ ನಮ್ಮ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಪರಿಚಯಿಸಿದೆ. ಹಳೆಯ ಪ್ರತಿಗಳು ಅಟ್ಟದಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ವಾಚನಾಲಯಕ್ಕೆ ಕೊಡಿ.

ಮಲಯಾಳ ಓದಬಲ್ಲ ಮಕ್ಕಳಿಗೆ ಬಾಲರಮದ ‘ಮಾಯಾವಿ’ಯೂ ಆಗಬಹುದು. ಇವುಗಳಲ್ಲಿ ಕೈ ಪಳಗಿದ ಮೇಲೆ ಇಂಗ್ಲಿಷಿಗೆ ದಾಟುವುದು ಕಷ್ಟವಾಗದು, ಏಕೆಂದರೆ ತಿಳಿಯದ ಪದದ ಅರ್ಥವನ್ನು ಪಕ್ಕದ ಚಿತ್ರವೇ ಬಹುಮಟ್ಟಿಗೆ ಹೇಳಿಕೊಡುತ್ತದೆ. ಪ್ರತಿ ಪದಕ್ಕೂ ನಿಘಂಟು ಬಿಡಿಸುವಂತೆ ಮಗುವನ್ನು ಒತ್ತಾಯಿಸಬೇಡಿ. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತ ಓದಿಸಿದರೆ ಮುಂದಿನದನ್ನು ಅದು ತಾನಾಗಿಯೇ ಎತ್ತಿಕೊಳ್ಳುತ್ತದೆ.

ಯಾವ ವಯಸ್ಸಿನವರಿಗೆ ಯಾವುದು?

ಎಂಟರಿಂದ ಹನ್ನೊಂದು ವರ್ಷದವರಿಗೆ ಡೇವ್ ಪಿಲ್ಕಿ ಅವರ ‘ಡಾಗ್ ಮ್ಯಾನ್’ ಸರಣಿಯೂ, ಒಂಬತ್ತು ವರ್ಷದ ಜಾಣೆ ಲುನೆಲ್ಲಾ ಕೆಂಪು ಡೈನೋಸಾರ್ ಒಂದರ ಜತೆಗೂಡುವ ‘ಮೂನ್ ಗರ್ಲ್ ಅಂಡ್ ಡೆವಿಲ್ ಡೈನೋಸಾರ್’ (2015) ಸರಣಿಯೂ ಸೂಕ್ತವಾಗಿವೆ. ಹನ್ನೆರಡು ದಾಟಿದವರಿಗೆ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’, ‘ಮಿಸ್ ಮಾರ್ವೆಲ್’ ಆಗಬಹುದು. ‘ಇಯರ್ ಒನ್’, ‘ಲಾಂಗ್ ಹ್ಯಾಲೋವೀನ್’ ಹದಿನೈದರ ನಂತರ ಇರಲಿ. ‘ವಾಚ್‌ಮೆನ್’, ‘ದಿ ಕಿಲ್ಲಿಂಗ್ ಜೋಕ್’ ವಯಸ್ಕರಿಗೆ ಮಾತ್ರ. ಬ್ಯಾಟ್‌ಮ್ಯಾನ್ ಚಿತ್ರವಿರುವ ಪುಸ್ತಕವೆಲ್ಲ ಮಕ್ಕಳದ್ದೆಂದು ಭಾವಿಸಿ ‘ಕಿಲ್ಲಿಂಗ್ ಜೋಕ್’ ಅನ್ನು ಹುಟ್ಟುಹಬ್ಬಕ್ಕೆ ಕೊಡುವವರಿದ್ದಾರೆ. ಕೊಡುವ ಮೊದಲು ಪುಟಗಳನ್ನು ಒಮ್ಮೆ ತಿರುವಿ ನೋಡಬೇಕು.

ಗಡಿನಾಡಿನ ಓದುಗರಿಗೆ ಹತ್ತಿರವೆನಿಸುವ ಸೂಪರ್‌ಹೀರೋ ಕಥೆ ಇದೆಯೇ?

ಇದೆ; ಈ ಪ್ರಶ್ನೆಗೆ ಉತ್ತರಿಸುವುದು ನನಗೆ ಬಹಳ ಇಷ್ಟ. ಜೀನ್ ಲುಯೆನ್ ಯಾಂಗ್ ಬರೆದು, ಗುರಿಹಿರು ಎಂಬ ಜಪಾನಿ ಕಲಾವಿದರ ಜೋಡಿ ಚಿತ್ರಿಸಿದ ‘ಸೂಪರ್‌ಮ್ಯಾನ್ ಸ್ಮ್ಯಾಶಸ್ ದಿ ಕ್ಲ್ಯಾನ್’ (2019–20) ಎಂಬ ಪುಸ್ತಕವನ್ನು ಇಲ್ಲಿನ ಪ್ರತಿ ಹೈಸ್ಕೂಲು ವಿದ್ಯಾರ್ಥಿಯೂ ಓದಬೇಕೆಂದು ನನ್ನ ಆಸೆ. ಸೂಪರ್‌ಮ್ಯಾನ್ ರೇಡಿಯೋ ನಾಟಕಮಾಲೆಯಲ್ಲಿ 1946ರಲ್ಲಿ ಪ್ರಸಾರವಾದ ಕಥೆಯೊಂದು ಇದಕ್ಕೆ ಆಧಾರ. ಚೀನೀ ಮೂಲದ ಲೀ ಕುಟುಂಬ ನಗರದ ಚೀನೀ ಕೇರಿಯನ್ನು ಬಿಟ್ಟು ಹೊಸ ಬಡಾವಣೆಗೆ ವಾಸಕ್ಕೆ ಬರುತ್ತದೆ. ಮನೆಯಲ್ಲಿ ಆಡುವ ಭಾಷೆಯನ್ನು ಹೊರಗೆ ಆಡಬೇಕೋ ಬೇಡವೋ ಎಂಬ ಅಳುಕು, ಬೇಗನೆ ಬೆರೆತುಕೊಳ್ಳುವ ಅಣ್ಣ, ಬೆರೆಯಲಾರದೆ ಒಳಗೊಳಗೇ ಕುಗ್ಗುವ ತಂಗಿ ರಾಬರ್ಟಾ, ಅಂಗಳದಲ್ಲಿ ಶಿಲುಬೆ ಸುಟ್ಟು ಬೆದರಿಸುವ ಕ್ಲ್ಯಾನ್ ಎಂಬ ಬಿಳಿಯ ಜನಾಂಗದ್ವೇಷಿ ಗುಂಪಿನ ಮುಸುಕುಧಾರಿಗಳು, ಇವೆಲ್ಲದರ ನಡುವೆ ಸೂಪರ್‌ಮ್ಯಾನ್ ಬರುತ್ತಾನೆ.

ಕಥೆಯ ಆರಂಭದಲ್ಲಿ ಈ ಸೂಪರ್‌ಮ್ಯಾನ್ ಹಾರುವುದಿಲ್ಲ. ತಂತಿಗಳ ಮೇಲೆ ಓಡುತ್ತಾನೆ, ಜಿಗಿಯುತ್ತಾನೆ, ಆದರೆ ಹಾರುವುದಿಲ್ಲ. ಬೇರೆ ಗ್ರಹದಿಂದ ಬಂದವನೆಂಬ ತನ್ನ ಗುರುತನ್ನು ಬಾಲ್ಯದಿಂದಲೇ ಅದುಮಿಟ್ಟುಕೊಂಡಿರುವುದರಿಂದ ಅವನ ಅರ್ಧ ಶಕ್ತಿ ಅವನಿಗೇ ತಿಳಿಯದೆ ಉಳಿದಿರುತ್ತದೆ. ರಾಬರ್ಟಾ ತನ್ನ ಅಳುಕನ್ನು ಗೆಲ್ಲುವುದೂ ಅವನು ತನ್ನ ಮೂಲವನ್ನು ಒಪ್ಪಿಕೊಳ್ಳುವುದೂ ಒಂದಕ್ಕೊಂದು ಹೆಣೆದುಕೊಂಡು ಸಾಗುತ್ತವೆ. ರಾಜ್ಯದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಗಿರುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇದರ ಜತೆಗೆ ಜಿ. ವಿಲೋ ವಿಲ್ಸನ್ ಬರೆದು ಏಡ್ರಿಯನ್ ಅಲ್ಫೋನಾ ಚಿತ್ರಿಸಿದ ‘ಮಿಸ್ ಮಾರ್ವೆಲ್’ (2014) ಸರಣಿಯ ಮೊದಲ ಸಂಪುಟವನ್ನು ಓದಬೇಕು. ಜೆರ್ಸಿ ಸಿಟಿಯಲ್ಲಿ ಬೆಳೆಯುವ, ಪಾಕಿಸ್ತಾನಿ ಮೂಲದ ಮುಸ್ಲಿಂ ಕುಟುಂಬದ ಹುಡುಗಿ ಕಮಲಾ ಖಾನ್‌ಗೆ ರೂಪ ಬದಲಿಸುವ ಶಕ್ತಿ ದೊರೆತಾಗ ಅವಳು ಮೊದಲು ತಾಳುವುದು ಹೊಂಬಣ್ಣದ ಕೂದಲಿನ ಬಿಳಿ ನಾಯಕಿಯ ರೂಪವನ್ನು. ನಾಯಕಿಯೆಂದರೆ ಹಾಗೆಯೇ ಇರಬೇಕೆಂದು ಅವಳು ನಂಬಿರುತ್ತಾಳೆ. ಆ ರೂಪ ತನಗೆ ಒಗ್ಗದೆಂದು ಅವಳಿಗೆ ಅರಿವಾಗುವ ಪುಟಗಳು ಈ ಸಂಪುಟದ ಜೀವಾಳ. ಅಪ್ಪನ ಕಾಳಜಿ, ಅಮ್ಮನ ಗದರಿಕೆ, ರಾತ್ರಿ ಹೊರಗೆ ಹೋಗಲು ಸಿಗದ ಅನುಮತಿ, ಇವುಗಳೊಂದಿಗೆ ಕಥೆ ಉಪ್ಪಳದಲ್ಲೋ ತಳಂಗರೆಯಲ್ಲೋ ನಡೆಯುತ್ತಿರುವಂತೆ ತೋರಿದರೆ ಆಶ್ಚರ್ಯವಿಲ್ಲ. ಈ ಸಂಪುಟಕ್ಕೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು.

ಒಂದೇ ನಾಯಕನ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲವಲ್ಲ?

ಬಹುಮಟ್ಟಿಗೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳನ್ನು ಹೊರತರುವ ಡಿಸಿ ಪ್ರಕಾಶನ ತನ್ನ ಸಮಾನಾಂತರ ಲೋಕಗಳ ಗೋಜಲನ್ನು ಸರಿಪಡಿಸಲು 1985–86ರಲ್ಲಿ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್’ ಹೊರತಂದಿತು, 2011ರಲ್ಲಿ ಮತ್ತೊಮ್ಮೆ ಎಲ್ಲ ಸರಣಿಗಳನ್ನೂ ಒಂದರಿಂದ ಆರಂಭಿಸಿತು. ಹೊಸ ಓದುಗರು ಈ ಇತಿಹಾಸವನ್ನು ತಲೆಗೆ ಹಚ್ಚಿಕೊಳ್ಳಬಾರದು. ‘ಕ್ರೈಸಿಸ್’ ಎಂಬ ಪದವಿರುವ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಿ.

ಕಾಮಿಕ್ಸಿಗೂ ಗ್ರಾಫಿಕ್ ಕಾದಂಬರಿಗೂ ಇರುವ ವ್ಯತ್ಯಾಸವೇನು?

ತಿಂಗಳಿಗೊಮ್ಮೆ ಬರುವ ಇಪ್ಪತ್ತು ಚಿಲ್ಲರೆ ಪುಟಗಳ ತೆಳು ಪುಸ್ತಕ ಸಂಚಿಕೆ. ಅಂತಹ ಐದಾರು ಸಂಚಿಕೆಗಳನ್ನು ಸೇರಿಸಿ ಹೊಲಿದದ್ದು ಸಂಪುಟ. ಮೊದಲಿನಿಂದಲೇ ಒಂದೇ ಪುಸ್ತಕವಾಗಿ ರಚಿತವಾದದ್ದು ಗ್ರಾಫಿಕ್ ಕಾದಂಬರಿ. ಅಂಗಡಿಗಳಲ್ಲಿ ಸಂಪುಟಗಳನ್ನೂ ಗ್ರಾಫಿಕ್ ಕಾದಂಬರಿ ಎಂದೇ ಮಾರುತ್ತಾರೆ.

ಕೊಳ್ಳುವಾಗ ಏನನ್ನು ಗಮನಿಸಬೇಕು?

ಮಂಗಳೂರಿನ ಅಂಗಡಿಗೆ ಹೋಗುವಿರಾದರೆ ಪುಸ್ತಕದ ಹಿಂಬದಿಯ ರಕ್ಷಾಪುಟವನ್ನು ಓದಿ. ಅಲ್ಲಿ ಎಷ್ಟರಿಂದ ಎಷ್ಟರವರೆಗಿನ ಸಂಚಿಕೆಗಳು ಸೇರಿವೆ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಒಂದರಿಂದ ಆರಂಭವಾಗಿದ್ದರೆ ಅಥವಾ ಕಥೆ ಪೂರ್ಣವೆಂದು ಹೇಳಿದ್ದರೆ ಧೈರ್ಯವಾಗಿ ಕೊಳ್ಳಿ. ಮೂರು ನಾಲ್ಕು ಬೇರೆ ಬೇರೆ ಸರಣಿಗಳ ಸಂಚಿಕೆಗಳನ್ನು ಬೆರೆಸಿದ್ದರೆ ಅದು ಹಳೆಯ ಓದುಗರಿಗಾಗಿ ಮಾಡಿದ ಪುಸ್ತಕ. ಅಂತರಜಾಲದಲ್ಲಿ ತರಿಸುವಾಗ ಪುಟಸಂಖ್ಯೆಯನ್ನು ನೋಡಲೇಬೇಕು, ಏಕೆಂದರೆ ಒಂದು ಬಿಡಿ ಸಂಚಿಕೆಯನ್ನೇ ಪುಸ್ತಕವೆಂದು ಭ್ರಮಿಸಿ ತರಿಸಿಕೊಂಡವರು ಇಲ್ಲಿ ಹಲವರಿದ್ದಾರೆ. ಡಿಸಿ ಪ್ರಕಾಶನ 2024ರಿಂದ ಸಣ್ಣ ಆಕಾರದ, ಕಡಿಮೆ ಬೆಲೆಯ ‘ಕಾಂಪ್ಯಾಕ್ಟ್ ಕಾಮಿಕ್ಸ್’ ಮಾಲೆಯನ್ನು ತರುತ್ತಿದೆ. ‘ಆಲ್-ಸ್ಟಾರ್ ಸೂಪರ್‌ಮ್ಯಾನ್’, ‘ಕೋರ್ಟ್ ಆಫ್ ಔಲ್ಸ್’, ‘ವಾಚ್‌ಮೆನ್’ ಮೂರೂ ಅದರಲ್ಲಿವೆ. ಅಕ್ಷರ ಚಿಕ್ಕದಾದರೂ ಹೊಸ ಓದುಗರಿಗೆ ಇದು ತಕ್ಕ ಆಯ್ಕೆ.

ಮೊಬೈಲಿನಲ್ಲಿ ಓದಬಹುದೇ?

ಓದಬಹುದು, ಆದರೆ ಸಣ್ಣ ಪರದೆ ಒಂದೊಂದೇ ಚೌಕಟ್ಟನ್ನು ತೋರಿಸುವುದರಿಂದ ಪುಟವೆಂಬ ಇಡಿಯ ವಿನ್ಯಾಸ ಕಳೆದುಹೋಗುತ್ತದೆ. ಟ್ಯಾಬ್ಲೆಟ್ ಇದ್ದರೆ ಮೇಲು.

ಚಿತ್ರದ ಪುಸ್ತಕ ಓದುವುದು ಓದೇ ಅಲ್ಲ ಎಂದು ಮನೆಯ ಹಿರಿಯರು ಆಕ್ಷೇಪಿಸುತ್ತಾರೆ. ಏನು ಹೇಳಲಿ?

ವಾದ ಮಾಡುವ ಬದಲು ಅವರ ಕೈಗೆ ‘ಭೀಮಾಯನ’ವನ್ನು ಕೊಡಿ. ಡಾ. ಅಂಬೇಡ್ಕರ್ ಅವರ ಬಾಳಿನ ಅಸ್ಪೃಶ್ಯತೆಯ ಅನುಭವಗಳನ್ನು ಗೋಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿದ ಈ ಪುಸ್ತಕ 2011ರಲ್ಲಿ ಬಂತು. ಅದರಲ್ಲಿ ಚೌಕಟ್ಟುಗಳೇ ಇಲ್ಲ. ನೊಂದವರ, ಒಳ್ಳೆಯವರ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ ಬರುತ್ತದೆ, ಜಾತಿಯ ವಿಷ ಕಕ್ಕುವವರ ಮಾತಿನ ಗುಳ್ಳೆಗೆ ಚೇಳಿನ ಬಾಲವಿದೆ. ಚಿತ್ರಕ್ಕೆ ಮಾತ್ರ ಸಾಧ್ಯವಾದ ಈ ಹೇಳುವಿಕೆಯನ್ನು ಕಂಡ ಹಿರಿಯರು ಸಾಮಾನ್ಯವಾಗಿ ಆಕ್ಷೇಪ ಮುಂದುವರಿಸುವುದಿಲ್ಲ. ಪ್ರಶಸ್ತಿಯ ಹೆಸರು ಕೇಳಿದರೆ ಒಪ್ಪುವವರಿಗೆ, ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಕೃತಿಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ಸಂದಿದೆ ಎಂದು ತಿಳಿಸಬಹುದು.

ಸೂಪರ್‌ಹೀರೋ ಕಥೆಗಳು ಸಾಕೆನಿಸಿದ ಮೇಲೆ ಮುಂದೇನು?

ಈಗ ಹೇಳಿದ ಎರಡೂ ಇವೆ. ‘ಮೌಸ್’ನಲ್ಲಿ ಯಹೂದಿಗಳು ಇಲಿಗಳಾಗಿ, ನಾಜಿಗಳು ಬೆಕ್ಕುಗಳಾಗಿ ಬರುತ್ತಾರೆ, ತಂದೆ ಹೇಳಿದ ಯಾತನಾಶಿಬಿರದ ಕಥೆಯನ್ನು ಮಗ ಬರೆಯುತ್ತಾನೆ. ಇರಾನಿನ ಕ್ರಾಂತಿಯನ್ನು ಬಾಲಕಿಯ ಕಣ್ಣಿನಲ್ಲಿ ಕಾಣಿಸುವ ಮರ್ಜಾನ್ ಸತ್ರಾಪಿ ಅವರ ‘ಪರ್ಸೆಪೊಲಿಸ್’, ನರ್ಮದಾ ಕಣಿವೆಯ ಜನರ ಹೋರಾಟವನ್ನು ಕುರಿತು ಒರಿಜಿತ್ ಸೇನ್ 1994ರಲ್ಲಿ ರಚಿಸಿದ ‘ರಿವರ್ ಆಫ್ ಸ್ಟೋರೀಸ್’ ಸಹ ಓದಲೇಬೇಕಾದವು.

ವಾಚನಾಲಯಕ್ಕೆ ಐದೇ ಪುಸ್ತಕ ಕೊಳ್ಳುವಷ್ಟು ಹಣವಿದೆ. ಯಾವುವನ್ನು ತರಿಸೋಣ?

‘ಸೂಪರ್‌ಮ್ಯಾನ್ ಸ್ಮ್ಯಾಶಸ್ ದಿ ಕ್ಲ್ಯಾನ್’, ‘ಮಿಸ್ ಮಾರ್ವೆಲ್’ ಮೊದಲ ಸಂಪುಟ, ‘ಆಲ್-ಸ್ಟಾರ್ ಸೂಪರ್‌ಮ್ಯಾನ್’, ‘ಬ್ಯಾಟ್‌ಮ್ಯಾನ್: ಇಯರ್ ಒನ್’, ‘ಭೀಮಾಯನ’. ಸ್ವಲ್ಪ ಹಣ ಮಿಕ್ಕರೆ ಅಮರ ಚಿತ್ರಕಥೆಯ ಕನ್ನಡ ಸಂಚಿಕೆಗಳನ್ನು ಸೇರಿಸಿ, ಅವು ಎಲ್ಲಕ್ಕಿಂತ ಮೊದಲು ಸವೆಯುತ್ತವೆ. ಉದ್ದದ ಸರಣಿಗಳ ಮೊದಲ ಸಂಪುಟಗಳನ್ನೇ ಹತ್ತಾರು ತಂದು ತುಂಬಬೇಡಿ. ಎರಡನೆಯದು ಎಲ್ಲಿ ಎಂದು ಕೇಳಿ ನಿರಾಶರಾದ ಮಕ್ಕಳು ಮತ್ತೆ ಬರುವುದಿಲ್ಲ. ‘ಇಯರ್ ಒನ್’ ಪುಸ್ತಕವನ್ನು ಮಕ್ಕಳ ಕಪಾಟಿನಲ್ಲಿಡದೆ ದೊಡ್ಡವರ ವಿಭಾಗದಲ್ಲಿಡಿ. ಈ ಪುಸ್ತಕಗಳು ಕೈಯಿಂದ ಕೈಗೆ ಬೇಗ ಓಡಾಡುವುದರಿಂದ, ಬಂದ ದಿನವೇ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿಬಿಡಿ.